ಬಸ್ಸಿಗೆಲ್ಲ ಕೇಳುತ್ತಿದ್ದ ನಿಂಗಮ್ಮನ ಫೋನು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಕಾಲುನೋವಿನ ಬಗ್ಗೆ. ದಿನವಿಡೀ ಓಡುವ ಬಸ್ಸಿನಲ್ಲಿ ನಿಂತೇ ಇದ್ದರೆ ಮಂಡಿ ಏನಾಗುತ್ತದೆ, ಸೊಂಟ ಏನಾಗುತ್ತದೆ ಎಂದು ವಿಚಾರಿಸುತ್ತಾರೆ. ಪಾದ ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ಒರಗಿಸಿ ನಿಲ್ಲುವುದನ್ನು ತೋರಿಸಿಕೊಡುತ್ತೇನೆ. ಮನೆಗೆ ಹೋದಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟು ಕೂರಿ ಎನ್ನುತ್ತೇನೆ. ಅದು ಅಷ್ಟಕ್ಕೇ ಮುಗಿಯುವ ವಿಷಯ. ಅವರು ಕೇಳದೆ ಹೋಗುವುದು ಇನ್ನೊಂದಿದೆ. ಒಂದೇ ಬಸ್ಸಿನಲ್ಲಿ ಕೂತ ಜನ ಒಬ್ಬರಿಗೊಬ್ಬರು ಕೊಡುವ ಕಿರಿಕಿರಿ. ಕಿಟಕಿ ತೆಗೆದರೆ ಒಬ್ಬರಿಗೆ ಸಿಟ್ಟು, ಮುಚ್ಚಿದರೆ ಮತ್ತೊಬ್ಬರಿಗೆ. ಮೂಟೆ ನಡುದಾರಿಯಲ್ಲಿಟ್ಟು ಹಾಯಾಗಿ ಕೂರುವವರು, ಕಡಲೆಕಾಯಿ ಸಿಪ್ಪೆಯನ್ನು ಮುಂದಿನವರ ಚಪ್ಪಲಿಯ ಮೇಲೆ ಉದುರಿಸುವವರು, ಬಾಗಿಲಲ್ಲೇ ನೇತುಬಿದ್ದು ಯಾರನ್ನೂ ಇಳಿಯಲು ಬಿಡದ ಕಾಲೇಜು ಹುಡುಗರು. ಕೊನೆಗೆ ಎಲ್ಲರೂ ತಿರುಗುವುದು ಕಂಡಕ್ಟರ್ ಕಡೆಗೆ. ಟಿಕೆಟ್ ಕೊಡುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಇದನ್ನು ಕಲಿಯುವುದಕ್ಕೆ ನನ್ನ ನೌಕರಿಯ ಅರ್ಧ ಹಿಡಿಯಿತು.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಮಧ್ಯದಲ್ಲಿ, ಮೂವತ್ತು ದಾಟಿದ ಮೇಲೆ. ನಮ್ಮೂರು ಗೆಂಡೆಹಳ್ಳಿ. ತಂದೆ ಶಾಲೆಯ ಮೇಷ್ಟ್ರಾಗಿದ್ದರು. ನಮ್ಮದು ಬೌದ್ಧ ಧರ್ಮ ಸ್ವೀಕರಿಸಿದ ಮನೆ. ಮಕ್ಕಳೆಲ್ಲ ಓದಿ ಸಂಬಳದ ಕೆಲಸ ಹಿಡಿಯಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ಮಗಳು ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಬಸ್ಸು ಹತ್ತುತ್ತಾಳೆಂದು ಅವರೂ ಎಣಿಸಿರಲಿಲ್ಲ. ಮೊದಲ ದಿನ ಅರಸೀಕೆರೆ ನಿಲ್ದಾಣದಲ್ಲಿ ‘ಜಾವಗಲ್, ಹಳೇಬೀಡು, ಬೇಲೂರು’ ಎಂದು ಕೂಗಲು ಹೋದೆ, ದನಿ ನನಗೇ ಕೇಳದಷ್ಟು ಸಣ್ಣದಾಗಿ ಹೊರಟಿತು. ಪಕ್ಕದ ಬಸ್ಸಿನ ಕಂಡಕ್ಟರು ನಗುತ್ತಾ ನನ್ನ ಪರವಾಗಿ ಕೂಗಿಕೊಟ್ಟರು. ನೋಡಲು ಜನ ನಿಂತಿದ್ದರು.

ಆಗಿನ ದೊಡ್ಡ ಜಗಳವೆಂದರೆ ಟವೆಲ್ಲಿನದು. ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಜನ ಕಿಟಕಿಯಿಂದ ಟವೆಲ್ಲು, ಕರವಸ್ತ್ರ, ಪುಸ್ತಕ, ಒಮ್ಮೊಮ್ಮೆ ಚಪ್ಪಲಿಯನ್ನೇ ಸೀಟಿನ ಮೇಲೆ ಎಸೆದು ಸೀಟು ಹಿಡಿಯುತ್ತಿದ್ದರು. ಎಸೆದವರು ಆಮೇಲೆ ನಿಧಾನವಾಗಿ ಟೀ ಕುಡಿದು ಬರುವರು. ಅಷ್ಟರಲ್ಲಿ ಬಾಗಿಲಿನಿಂದ ನ್ಯಾಯವಾಗಿ ಹತ್ತಿದವರು ನಿಂತೇ ಇರಬೇಕು. ಒಂದು ದಿನ ತುಂಬು ಬಸುರಿಯೊಬ್ಬಳು ನಿಂತಿದ್ದನ್ನು ನೋಡಿ ನನಗೆ ಸಿಟ್ಟು ಬಂತು. ಸೀಟಿನ ಮೇಲಿದ್ದ ಟವೆಲ್ಲಿನ ಗಂಟನ್ನು ಎತ್ತಿ ಹಿಂದಿನ ಸೀಟಿನವನ ತೊಡೆಗೆ ಎಸೆದೆ. ಗಂಟಿನೊಳಗೆ ನಾಟಿಕೋಳಿ ಮೊಟ್ಟೆ ಇದ್ದವು. ಮದುವೆಗೆಂದು ಇಸ್ತ್ರಿ ಮಾಡಿಸಿ ಉಟ್ಟಿದ್ದ ಅವನ ಬಿಳಿ ಪಂಚೆಯ ಕಥೆ ಅಲ್ಲಿಗೆ ಮುಗಿಯಿತು. ಮೊಟ್ಟೆಯವನು ಒಂದು ಕಡೆ, ಪಂಚೆಯವನು ಇನ್ನೊಂದು ಕಡೆ ನಿಂತು ಹಳೇಬೀಡಿನ ತನಕ ನನ್ನನ್ನು ಬೈದರು. ಬಸುರಿ ಮಾತ್ರ ಕೂತುಕೊಂಡೇ ಹೋದಳು.

ಹೆಂಗಸರ ಸೀಟಿನಲ್ಲಿ ಕೂತ ಗಂಡಸರನ್ನು ಏಳಿಸುವುದು ಅದಕ್ಕಿಂತ ಕಷ್ಟ. ಒಬ್ಬಾತ, ಗಂಡಸರ ಕೆಲಸವನ್ನೂ ನೀವೇ ಹಿಡಿದಿದ್ದೀರಿ, ಇನ್ನು ಸೀಟೂ ಬೇಕಾ ಎಂದು ಕೇಳಿದ. ನಮ್ಮ ಡ್ರೈವರ್ ರಂಗಪ್ಪ ಮಾತು ಕಡಿಮೆಯ ಮನುಷ್ಯ. ಕನ್ನಡಿಯಲ್ಲಿ ನೋಡಿದವರು ಬಸ್ಸನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಇಂಜಿನ್ ಆರಿಸಿ, ಕೆಳಗಿಳಿದು ಮರಕ್ಕೊರಗಿ ಕೂತರು. ಸ್ವಲ್ಪ ಹೊತ್ತಿಗೆ ಕಚೇರಿಗೆ ಹೋಗುವವರು, ಶಾಲೆಗೆ ಹೋಗುವವರು, ಕೋರ್ಟಿಗೆ ಹೋಗುವವರು ಎಲ್ಲರೂ ಸೇರಿ ಆ ಗಂಡಸಿನ ಮೇಲೆ ಬಿದ್ದರು. ಅವನು ಎದ್ದ. ರಂಗಪ್ಪ ಪಂಚೆಯ ಧೂಳು ಕೊಡವುವಂತೆ ಪ್ಯಾಂಟು ಕೊಡವಿಕೊಂಡು ಬಂದು ಗಾಡಿ ಹೊರಡಿಸಿದರು. ಮುಂದೆ ಹಲವು ವರ್ಷ ನಾವಿಬ್ಬರೂ ಅದೇ ದಾರಿಯಲ್ಲಿ ಓಡಾಡಿದೆವು.

ನನ್ನ ಜಾತಿ ಗೊತ್ತಿದ್ದ ಕೆಲವರು ನಾಣ್ಯವನ್ನು ನನ್ನ ಅಂಗೈಗೆ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು. ಬಿದ್ದು ಉರುಳಿದರೆ ಹುಡುಕಿಕೊಡುವ ಕೆಲಸ ಅವರದೇ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಓಡುವ ಬಸ್ಸಿನಲ್ಲಿ ಸೀಟುಗಳ ಕೆಳಗೆ ಬಗ್ಗಿ ಹುಡುಕಿ ಹುಡುಕಿ, ನಿಧಾನವಾಗಿ ಎಲ್ಲರೂ ಕೈಗೇ ಕೊಡಲು ಕಲಿತರು.

ಎರಡು ಸಾವಿರ ದಾಟಿದ ಮೇಲೆ ಕಿರಿಕಿರಿಯ ಬಗೆ ಬದಲಾಯಿತು. ಟಿಕೆಟ್ ಹರಿದು ಕೊಡುವ ಕಾಲ ಹೋಗಿ ಕೈಮೆಷಿನ್ ಬರತೊಡಗಿತು. ಹರಿಯುವಾಗ ನಮ್ಮ ಕಣ್ಣು ಪ್ರಯಾಣಿಕರ ಮುಖದ ಮೇಲೆ ಇರುತ್ತಿತ್ತು, ಮೆಷಿನ್ ಬಂದಮೇಲೆ ಗುಂಡಿಗಳ ಮೇಲೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೊಬೈಲ್ ಫೋನು ಹಳ್ಳಿಗಳಿಗೂ ಬಂತು. ಹಾಡು ಜೋರಾಗಿ ಹಾಕಿಕೊಳ್ಳುವವರು, ಬೇಲೂರಿನ ಬಸ್ಸಿನಲ್ಲಿ ಕೂತು ‘ಬೆಂಗಳೂರಲ್ಲಿದ್ದೀನಿ’ ಎಂದು ಸಾಲ ಕೊಟ್ಟವರಿಗೆ ಸುಳ್ಳು ಹೇಳುವವರು. ಆದರೆ ಆ ಕಾಲವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ನಿಂಗಮ್ಮನ ದನಿ.

ನಿಂಗಮ್ಮ ಜಾವಗಲ್‌ನಲ್ಲಿ ಹತ್ತಿ ಬೇಲೂರಿಗೆ ಹೋಗುತ್ತಿದ್ದಳು. ಅಲ್ಲಿ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಐವತ್ತರ ಆಸುಪಾಸು, ಕುಂಕುಮವಿಲ್ಲದ ಅಗಲ ಹಣೆ, ಯಾವಾಗಲೂ ಒದ್ದೆಯಾಗಿರುವ ಸೆರಗಿನ ತುದಿ. ಹತ್ತಿ ಕೂತು ಟಿಕೆಟ್ ತೆಗೆದುಕೊಂಡ ಕೂಡಲೇ ಮಗಳಿಗೆ ಫೋನು ಹಚ್ಚುವಳು. ಮಗಳ ಹೆಸರು ಭಾಗ್ಯ, ಹೊಳೆನರಸೀಪುರದ ಕಡೆಗೆ ಮದುವೆ ಮಾಡಿಕೊಟ್ಟಿದ್ದಳು. ಎರಡು ನಂಬರಿನ ನಡುವೆ ಮಾತು ಬಿಟ್ಟಿ ಎಂಬ ಯಾವುದೋ ಯೋಜನೆ ಆಗ ಇತ್ತು. ಹಾಗಾಗಿ ಬೇಲೂರು ಬರುವ ತನಕ ಆ ಮಾತು ನಿಲ್ಲುತ್ತಿರಲಿಲ್ಲ. ದನಿಯೋ, ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವಂಥದ್ದು.

ಅವಳು ತನ್ನ ಮನೆಯ ವಿಷಯ ಮಾತಾಡಿದ್ದರೆ ಜನ ಸಹಿಸುತ್ತಿದ್ದರೇನೋ. ಅವಳು ಹೇಳುತ್ತಿದ್ದುದೆಲ್ಲ ಬಸ್ಸಿನ ವಿಷಯ. ಕೆರೆಗೆ ನೀರು ಬಂದಿದೆ ಎನ್ನುವಳು, ರಾಗಿ ತೆನೆ ಬಿಟ್ಟಿದೆ ಎನ್ನುವಳು, ಅಷ್ಟಾದ ಮೇಲೆ ಬಸ್ಸಿನೊಳಗೆ ಕಣ್ಣು ಹಾಯಿಸುವಳು. ಕಂಡಕ್ಟ್ರಮ್ಮ ಇವತ್ತು ಕನಕಾಂಬರ ಮುಡಿದಿದ್ದಾರೆ, ಮಲ್ಲೇಶಿ ಆಗಲೇ ಪಕ್ಕದವರ ಹೆಗಲಿಗೆ ಬಿದ್ದ, ಹೀಗೆ. ಮಲ್ಲೇಶಿ ತೆಂಗಿನಕಾಯಿ ವ್ಯಾಪಾರಿ. ಅರಸೀಕೆರೆ ದಾಟುವುದಕ್ಕೆ ಮುಂಚೆ ನಿದ್ದೆ ಹೋಗಿ, ಪಕ್ಕದಲ್ಲಿ ಯಾರಿದ್ದರೂ ಅವರ ಹೆಗಲನ್ನು ದಿಂಬು ಮಾಡಿಕೊಳ್ಳುವ ಆಸಾಮಿ. ತಳ್ಳಿದರೆ ಇನ್ನೊಂದು ಕಡೆಗೆ ವಾಲುತ್ತಿದ್ದ, ಏಳುತ್ತಿರಲಿಲ್ಲ.

ನಿಂಗಮ್ಮನ ಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಪೇಪರ್ ಸಾರ್. ಅವರ ನಿಜವಾದ ಹೆಸರು ಚಂದ್ರಶೇಖರಯ್ಯ. ಅರಸೀಕೆರೆಯವರು, ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ದಿನಪತ್ರಿಕೆಯನ್ನು ಎರಡೂ ಕೈ ಚಾಚಿ ಪೂರ್ತಿ ಬಿಡಿಸಿಯೇ ಓದಬೇಕು ಅವರಿಗೆ. ಹಾಳೆ ತಿರುವಿದರೆ ಕಿಟಕಿ ಪಕ್ಕದವರ ಮೂಗಿಗೆ ತಾಗುತ್ತಿತ್ತು. ನಿಂತವರು ಇಣುಕಿ ಓದಿದರೆ ಪತ್ರಿಕೆಯನ್ನು ಪಟ್ಟನೆ ಮಡಚಿ ದುರುಗುಟ್ಟುತ್ತಿದ್ದರು. ಅದನ್ನೆಲ್ಲ ನಿಂಗಮ್ಮ ಒಂದೂ ಬಿಡದೆ ಮಗಳಿಗೆ ಹೇಳುವಳು. ‘ಪೇಪರ್ ಸಾರ್ ಇವತ್ತು ಯಾಕೋ ಮಕ ಗಂಟು ಹಾಕ್ಕಂಡವ್ರೆ ಕಣೇ, ಮನೇಲಿ ತಿಂಡಿ ಸರಿಯಾಗಿರ್ಲಿಲ್ಲ ಅಂತ ಕಾಣ್ತದೆ’ ಎಂದಾಗ ಬಸ್ಸೆಲ್ಲ ನಕ್ಕಿತ್ತು. ಸಾರ್ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಅವರು ಮೊದಲು ನನಗೆ ಹೇಳಿದರು, ತಾನು ಟಿಕೆಟ್ ತೆಗೆದುಕೊಂಡಿರುವುದು ಬೇಲೂರಿಗೆ ಹೋಗಲು, ಇವರ ಬಾಯಿಗೆ ಬೀಳಲು ಅಲ್ಲ ಎಂದು. ನಾನು ನಿಂಗಮ್ಮನಿಗೆ ನಯವಾಗಿ ಹೇಳಿ ನೋಡಿದೆ. ಎರಡು ದಿನ ಪಿಸುಮಾತಾಡಿ ಮೂರನೇ ದಿನ ಮತ್ತೆ ಹಳೇ ದನಿಗೇ ಬಂದಳು. ಸಾರ್ ಡಿಪೋಗೆ ದೂರು ಕೊಟ್ಟರು.

ಆಗಿನ ನಮ್ಮ ಡಿಪೋ ಮ್ಯಾನೇಜರು ಕೆಟ್ಟವರಲ್ಲ. ದೂರು ಎಂದರೆ ಮಾತ್ರ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ನನ್ನನ್ನು ಕರೆಸಿ, ಬಸ್ಸಿನಲ್ಲಿ ಶಾಂತಿ ಕಾಪಾಡುವುದು ಕಂಡಕ್ಟರ್ ಜವಾಬ್ದಾರಿ, ಇನ್ನೊಮ್ಮೆ ದೂರು ಬಂದರೆ ಬೇರೆ ರೂಟಿಗೆ ಹಾಕಬೇಕಾಗುತ್ತದೆ ಎಂದರು. ನನ್ನ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಈ ರೂಟು ತಪ್ಪಿದರೆ ದೂರದ ಗಾಡಿಗಳಲ್ಲಿ ಹೋಗಿ ಎಲ್ಲೆಲ್ಲೋ ಉಳಿಯಬೇಕು. ಮರುದಿನ ನಾನು ನಿಂಗಮ್ಮನಿಗೆ ಗಟ್ಟಿಯಾಗಿಯೇ ಹೇಳಿದೆ, ಇನ್ನು ಬಸ್ಸಿನಲ್ಲಿ ಫೋನು ಬೇಡ ಎಂದು. ಅವಳು ವಾದ ಮಾಡಲಿಲ್ಲ. ‘ಆಯ್ತವ್ವ’ ಎಂದು ಫೋನನ್ನು ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಬಸ್ಸು ಬಹಳ ಸದ್ದಿಲ್ಲದ್ದಾಯಿತು. ಸಾರ್ ಪತ್ರಿಕೆ ಇನ್ನಷ್ಟು ಅಗಲ ಬಿಡಿಸಿದರು. ನಿಂಗಮ್ಮ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಾ ಕೂರುವಳು. ಒಂದು ದಿನ ಬೇಲೂರಿನಲ್ಲಿ ಎಲ್ಲರೂ ಇಳಿದ ಮೇಲೂ ಅವಳು ಏಳಲಿಲ್ಲ. ಹತ್ತಿರ ಹೋದೆ. ಫೋನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಮಾತಿಲ್ಲ, ಬರೀ ಕಣ್ಣೀರು ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಏನಾಯ್ತೆಂದು ಕೇಳಿದೆ.

ಭಾಗ್ಯ ಹೆತ್ತ ಮೊದಲ ಮಗು ಉಳಿಯಲಿಲ್ಲವಂತೆ. ಅಂದಿನಿಂದ ಆ ಹುಡುಗಿ ಗೋಡೆಗೆ ಮುಖ ಹಾಕಿ ಮಲಗಿದವಳು, ಯಾರ ಹತ್ತಿರವೂ ಮಾತಿಲ್ಲ. ತಿನ್ನಿಸಿದರೆ ಒಂದು ತುತ್ತು, ಇಲ್ಲದಿದ್ದರೆ ಇಲ್ಲ. ಹಾಸನದ ಡಾಕ್ಟರಿಗೆ ತೋರಿಸಿದ್ದರು. ಮಾತ್ರೆ ಕೊಟ್ಟು, ನಿಧಾನವಾಗಿ ಸರಿಹೋಗುತ್ತದೆ, ಮಾತಾಡಿಸುತ್ತಾ ಇರಿ ಎಂದಿದ್ದರು. ನಿಂಗಮ್ಮನದು ಕಾಯಂ ಕೆಲಸವಲ್ಲ, ರಜೆ ಹಾಕಿ ಹೋಗಿ ಕೂತರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಊರಿಗೆ ಕರೆತರೋಣವೆಂದರೆ ಮಗಳು ಹಾಸಿಗೆ ಬಿಟ್ಟು ಏಳಲೊಲ್ಲಳು. ಅಳಿಯ ಒಳ್ಳೆಯ ಹುಡುಗ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಅತ್ತೆಯ ಫೋನು ಎತ್ತಿ, ಅದನ್ನು ಹೆಂಡತಿಯ ದಿಂಬಿನ ಮೇಲೆ ಇಟ್ಟು ಹೋಗುತ್ತಿದ್ದ.

‘ಅವ್ಳು ಫೋನು ಕೈಯಾಗೆ ಇಡ್ಕಳಲ್ಲ ಕಣವ್ವ. ದಿಂಬಿನ ಮ್ಯಾಲೆ ಬಿದ್ದಿರ್ತದೆ. ಅದಕ್ಕೇ ನಾನು ಜೋರಾಗಿ ಮಾತಾಡದು’ ಎಂದಳು ನಿಂಗಮ್ಮ. ‘ಮಗೀನ ಇಸ್ಯ ಆಡಂಗಿಲ್ಲ, ಮನೆ ಇಸ್ಯ ಆಡಿದ್ರೆ ಅದೇ ನೆಪ್ಪಾಗ್ತದೆ. ಇನ್ನೇನು ಹೇಳ್ಲಿ? ಬಸ್ಸಿನಾಗೆ ಕಂಡಿದ್ದು ಹೇಳ್ತಿದ್ದೆ. ಕೇಳ್ತಾವ್ಳೋ ಇಲ್ವೋ, ಅದೂ ಗೊತ್ತಿಲ್ಲ. ಉಸಿರು ಮಾತ್ರ ಕೇಳ್ಸದು.’

ಎದುರಿಗೆ ರಂಗಪ್ಪ ಗಾಜು ಒರೆಸುತ್ತಾ ನಿಂತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಅವರಿಗೂ ಕೇಳಿಸಿತ್ತು. ಕೊನೆಗೆ ಅವರೇ ಹೇಳಿದರು, ನಾಳೆಯಿಂದ ಮುಂದೆ ಇಂಜಿನ್ ಪಕ್ಕದ ಸೀಟಿಗೆ ಕೂರಿಸು, ಸದ್ದಿನಲ್ಲಿ ಹಿಂದಿನವರಿಗೆ ಕೇಳುವುದಿಲ್ಲ ಎಂದು. ಡ್ರೈವರ್ ಪಕ್ಕ ಯಾರಾದರೂ ಕೆಮ್ಮಿದರೂ ಸಹಿಸದ ಮನುಷ್ಯ ಅವರು.

ಒಳ್ಳೆಯ ಉಪಾಯವೆಂದೇ ನಾನೂ ಅಂದುಕೊಂಡೆ. ಆದರೆ ಇಂಜಿನ್ ಗಡಗಡ ಸದ್ದಿನಲ್ಲಿ ನಿಂಗಮ್ಮನಿಗೆ ತನ್ನ ದನಿ ತನಗೇ ಕೇಳಲಿಲ್ಲ. ಮೊದಲಿಗಿಂತ ಎರಡರಷ್ಟು ಕೂಗಿದಳು. ಹಿಂದಿನ ಉದ್ದನೆಯ ಸೀಟಿನವರೆಗೂ ಸ್ಪಷ್ಟವಾಗಿ ಹೋಯಿತು. ಅದರಲ್ಲೂ ಅವಳು ಆ ದಿನ ಹೇಳಿದ್ದು, ಪೇಪರ್ ಸಾರ್ ಓದಿಗೆ ಅಡ್ಡಿಯಾಗುತ್ತಿತ್ತೆಂದು ತಾನು ಇಷ್ಟು ದಿನ ಮಾತಾಡದೆ ಇದ್ದದ್ದನ್ನು. ಸಾರ್ ಎದ್ದು ನಿಂತರು. ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ‘ನೀವೂ ಇವರ ಜೊತೆ ಸೇರಿ ಆಡಿಕೊಳ್ಳೋದಾದ್ರೆ ನಾನ್ಯಾಕೆ ಈ ಬಸ್ಸಿಗೆ ಬರಲಿ’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಳೇಬೀಡಿನಲ್ಲಿ ಇಳಿದುಬಿಟ್ಟರು. ಮರುದಿನದಿಂದ ಅವರು ಖಾಸಗಿ ಬಸ್ಸಿನಲ್ಲಿ ಹೋಗತೊಡಗಿದರು. ನಮಗಿಂತ ಮುಂಚೆ ಹೊರಡುವ, ಯಾವಾಗಲೂ ಕಿಕ್ಕಿರಿದಿರುವ ಬಸ್ಸು. ಅದರಲ್ಲಿ ಪತ್ರಿಕೆ ಬಿಡಿಸುವುದಿರಲಿ, ಕೈ ಬಿಡಿಸಲೂ ಜಾಗವಿರುತ್ತಿರಲಿಲ್ಲ.

ಉಳಿದವರಿಗೆ ವಿಷಯ ತಿಳಿಸುವುದೇ ಸರಿ ಎನ್ನಿಸಿತು. ಹೇಳಲಾ ಎಂದು ನಿಂಗಮ್ಮನನ್ನೇ ಕೇಳಿದೆ. ‘ಹೇಳವ್ವ, ಮುಚ್ಚಿಡಕ್ಕೆ ನಾವೇನು ಕದ್ದಿದ್ದೀವಾ’ ಎಂದಳು. ಜಾವಗಲ್ ಬರುವ ಮುಂಚೆ, ಟಿಕೆಟ್ ಕೊಡುತ್ತಾ ಒಬ್ಬೊಬ್ಬರಿಗೂ ಮೆಲ್ಲಗೆ ಹೇಳಿಕೊಂಡು ಬಂದೆ. ಕೆಲವು ಹೆಂಗಸರು ಕಣ್ಣು ಒರೆಸಿಕೊಂಡರು. ಹಾಡು ಹಾಕುವ ಹುಡುಗರು ತಾವಾಗಿ ಹಾಡು ಆರಿಸಿದರು. ನಿಂಗಮ್ಮ ಹತ್ತಿದಾಗ ಬಸ್ಸು ಎಷ್ಟು ಮೌನವಾಯಿತೆಂದರೆ ಅವಳಿಗೇ ಮುಜುಗರವಾಗಿ, ಏನು ಮಾತಾಡಬೇಕೆಂದು ತಿಳಿಯದೆ, ‘ಭಾಗ್ಯಾ, ಬಸ್ಸಾಗೆ ಇವತ್ತು ಎಲ್ರೂ ಬಾಯಿಗೆ ಬೀಗ ಹಾಕ್ಕಂಡವ್ರೆ’ ಎಂದಳು. ಆಗ ನಕ್ಕು ಎಲ್ಲರೂ ಹಗುರಾದರು.

ಅಲ್ಲಿಂದ ಮುಂದೆ ಅವಳಿಗೆ ಸುದ್ದಿ ಒದಗಿಸುವುದು ಬಸ್ಸಿನವರಿಗೆಲ್ಲ ಒಂದು ಕೆಲಸವಾಯಿತು. ಶಾಲೆಗೆ ಹೋಗುವ ಟೀಚರೊಬ್ಬರು ತಮ್ಮ ಹೊಸ ಸೀರೆಯ ಬಣ್ಣ ಹೇಳಿಸುತ್ತಿದ್ದರು. ಮಲ್ಲೇಶಿ ಎಚ್ಚರವಿದ್ದ ಕೆಲವೇ ಗಳಿಗೆಗಳಲ್ಲಿ, ನಾನು ನಿದ್ದೆ ಮಾಡಿಲ್ಲ ಅಂತ ಹೇಳಮ್ಮ ಎಂದು ಕೂಗಿ ಮತ್ತೆ ವಾಲುತ್ತಿದ್ದ. ಮಳೆ ಬಂದರೆ ಯಾವ ಸೀಟಿನ ಮೇಲೆ ಸೋರುತ್ತದೆ ಎಂಬುದೂ ಭಾಗ್ಯಳ ದಿಂಬಿಗೆ ತಲುಪುತ್ತಿತ್ತು. ಆ ಕಡೆಯಿಂದ ಮಾತ್ರ ಏನೂ ಇಲ್ಲ. ನಾನು ಕಣ್ಣಲ್ಲೇ ಕೇಳುತ್ತಿದ್ದೆ, ನಿಂಗಮ್ಮ ತಲೆ ಅಲ್ಲಾಡಿಸುತ್ತಿದ್ದಳು.

ಹೀಗೇ ಒಂದು ಬೆಳಿಗ್ಗೆ, ಹುಲಿಕೆರೆ ಕಡೆಯ ಜನ ಹತ್ತುವ ನಿಲ್ದಾಣ ದಾಟಿದ್ದೆವು. ನಿಂಗಮ್ಮ ಯಾರೋ ಕುಂಬಳಕಾಯಿ ಹೊತ್ತು ಹತ್ತಿದ್ದನ್ನು ಹೇಳುತ್ತಿದ್ದವಳು ಮಾತಿನ ಮಧ್ಯೆ ನಿಂತುಬಿಟ್ಟಳು. ಸಿಗ್ನಲ್ ಹೋಯಿತೆಂದುಕೊಂಡೆ. ಆದರೆ ಅವಳು ನನ್ನ ಕೋಟಿನ ಅಂಚು ಹಿಡಿದು ಎಳೆದಳು.

‘ಕೇಳ್ತಾವ್ಳೆ ಕಣವ್ವ’ ಎಂದಳು. ‘ಪೇಪರ್ ಸಾರ್ ಯಾಕೆ ಬರ್ತಿಲ್ಲ ಅಂತ ಕೇಳ್ತಾವ್ಳೆ.’

ರಂಗಪ್ಪ ಬಸ್ಸಿನ ವೇಗ ತಗ್ಗಿಸಿದರು. ಇಂಜಿನ್ ಸದ್ದು ಇಳಿಯಿತು. ನಿಂಗಮ್ಮ ಫೋನನ್ನು ನನ್ನ ಕೈಗೆ ತುರುಕಿದಳು. ನಾನು ಕಿವಿಗಿಟ್ಟುಕೊಂಡೆ. ಉಸಿರು ಕೇಳಿಸಿತು, ಅದು ಕಾಯುತ್ತಿರುವ ಉಸಿರು. ‘ಸಾರ್ ರಜಾ ಹಾಕಿದ್ದಾರೆ ಕಣಮ್ಮ. ಸೋಮವಾರ ಬರ್ತಾರೆ’ ಎಂದೆ. ಆ ಕಡೆಯಿಂದ ‘ಹೂಂ’ ಎಂಬ ಸಣ್ಣ ದನಿ ಬಂತು. ನನ್ನ ನೌಕರಿಯಲ್ಲಿ ನಾನು ಕೊಟ್ಟ ಮಾತುಗಳಲ್ಲಿ ಅಷ್ಟು ಭಾರದ್ದು ಇನ್ನೊಂದಿರಲಿಲ್ಲ.

ಬೇಲೂರಿನಲ್ಲಿ ಬಸ್ಸು ತಿರುಗಿ ಹೊರಡುವ ಮುಂಚೆ ಸ್ವಲ್ಪ ಬಿಡುವಿರುತ್ತಿತ್ತು. ಖಾಕಿ ಕೋಟಿನಲ್ಲೇ ಸಾರ್ ಕಚೇರಿಗೆ ನಡೆದೆ. ಅವರು ನನಗೆ ಕೂರಲು ಹೇಳಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಮಗುವಿನ ವಿಷಯ, ದಿಂಬಿನ ಮೇಲಿನ ಫೋನಿನ ವಿಷಯ, ಜೋರು ದನಿ ಯಾಕೆಂಬುದು, ಇವತ್ತು ನಾನು ಕೊಟ್ಟ ಮಾತು. ಅವರು ಮುಂದಿದ್ದ ಕಾಗದಗಳನ್ನು ಜೋಡಿಸುತ್ತಲೇ ಇದ್ದರು.

‘ಅಷ್ಟೊಂದು ಜನ ಇರೋ ಬಸ್ಸಲ್ಲಿ ನನ್ನನ್ನೇ ಯಾಕೆ ಕೇಳಬೇಕು ಆ ಹುಡುಗಿ?’ ಎಂದರು.

‘ಗೊತ್ತಿಲ್ಲ ಸಾರ್. ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.’

‘ಏನಂತ ಕೇಳಿದ್ಲು? ಸರಿಯಾಗಿ ಹೇಳಿ.’

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಪೇಪರ್ ಸಾರ್ ಅಂತಲೇ ಅಂದ್ಲಾ?’ ಎಂದು ಇನ್ನೊಮ್ಮೆ ಕೇಳಿದರು. ಹೌದು ಎಂದೆ. ಬರುತ್ತೇನೆಂದಾಗಲಿ ಇಲ್ಲವೆಂದಾಗಲಿ ಅವರು ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ.

ಸೋಮವಾರ ಬೆಳಿಗ್ಗೆ ಅರಸೀಕೆರೆ ನಿಲ್ದಾಣದಲ್ಲಿ ನಾನು ಕೂಗುತ್ತಿದ್ದರೂ ಕಣ್ಣೆಲ್ಲ ಗೇಟಿನ ಕಡೆಗೆ. ಹೊರಡುವ ಹೊತ್ತಾಯಿತು. ರಂಗಪ್ಪ ಇಂಜಿನ್ ಚಾಲೂ ಮಾಡಿ, ಯಾಕೋ ಗೇರ್ ಬೀಳುತ್ತಿಲ್ಲ ಎಂದು ಗೊಣಗುತ್ತಾ ಕೂತರು. ಗೇರಿಗೇನೂ ಆಗಿರಲಿಲ್ಲ. ಬಸ್ಸುಗಳನ್ನು ಹೊರಡಿಸುವ ನಿಲ್ದಾಣದ ಟ್ರಾಫಿಕ್ ಕಂಟ್ರೋಲರ್ ಸೀಟಿ ಊದತೊಡಗಿದ. ಆಗ ಸಾರ್ ಬಂದರು, ಕಂಕುಳಲ್ಲಿ ಪತ್ರಿಕೆ. ಯಾರ ಮುಖವನ್ನೂ ನೋಡದೆ ತಮ್ಮ ಹಳೇ ಸೀಟಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡರು.

ಜಾವಗಲ್‌ನಲ್ಲಿ ನಿಂಗಮ್ಮ ಹತ್ತಿದವಳು ಅವರನ್ನು ಕಂಡು ಮೆಟ್ಟಿಲಲ್ಲೇ ನಿಂತಳು. ಆಮೇಲೆ ಸರಸರನೆ ಬಂದು ಕೂತು ಫೋನು ಹಚ್ಚಿದಳು. ಸಾರ್ ಬಂದಿದ್ದಾರೆಂದು ಹೇಳುವ ಹೊತ್ತಿಗೆ ಅವಳ ದನಿ ಒಡೆಯಿತು. ಬಸ್ಸಿನವರೆಲ್ಲ ತಲೆ ತಗ್ಗಿಸಿದರು. ಸಾರ್ ಸ್ವಲ್ಪ ಹೊತ್ತು ಪತ್ರಿಕೆಯ ಹಿಂದೆಯೇ ಇದ್ದರು. ಆಮೇಲೆ ಅದನ್ನು ಮಡಚಿ, ಎದ್ದು, ಕಂಬಿ ಹಿಡಿದುಕೊಂಡು ಮುಂದೆ ಬಂದರು. ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: ‘ಇವತ್ತು ಹಾಸನ ಜಿಲ್ಲೆಯಲ್ಲಿ ಮಳೆ ಬರುತ್ತೆ ಅಂತ ಹಾಕಿದ್ದಾರಮ್ಮ. ಒಣಹಾಕಿರೋ ಬಟ್ಟೆ ಇದ್ರೆ ಎತ್ತಿಡು.’

ಅಷ್ಟು ಹೇಳಿ ವಾಪಸ್ ಹೋಗಿ ಕೂತರು. ಆ ಹುಡುಗಿ ಅಂದು ಹಾಸಿಗೆಯಿಂದ ಎದ್ದು ಅಂಗಳಕ್ಕೆ ಹೋಗಿ ಬಟ್ಟೆ ಎತ್ತಿದಳೆಂದು ಮರುದಿನ ಅಳಿಯ ಹೇಳಿದನಂತೆ. ಮಳೆ ಬರಲಿಲ್ಲ. ಬಟ್ಟೆ ಇನ್ನೂ ಹಸಿಯಾಗಿದ್ದವು. ಆದರೂ ಎತ್ತಿದ್ದಳು.

ಅದಾದ ಮೇಲೆ ಒಂದೇ ಸಲಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ವಾರಗಟ್ಟಲೆ ಬರೀ ‘ಹೂಂ’ ಇರುತ್ತಿತ್ತು, ಕೆಲವು ದಿನ ಅದೂ ಇಲ್ಲ. ಅಂಥ ದಿನ ನಿಂಗಮ್ಮನ ಮುಖ ನೋಡಿಯೇ ಬಸ್ಸಿನವರಿಗೆ ತಿಳಿಯುತ್ತಿತ್ತು. ಸಾರ್ ದೂರು ವಾಪಸ್ ತೆಗೆದುಕೊಂಡ ಸುದ್ದಿಯನ್ನು ಮ್ಯಾನೇಜರೇ ನನಗೆ ಹೇಳಿದರು. ಕಾರಣ ಕೇಳಿದ್ದಕ್ಕೆ ‘ಅಭ್ಯಾಸ ಆಯ್ತು’ ಎಂದಷ್ಟೇ ಹೇಳಿ ಎದ್ದು ಹೋದರಂತೆ. ಪತ್ರಿಕೆಯನ್ನು ಅವರು ಕೊನೆಯವರೆಗೂ ಅಗಲವಾಗಿಯೇ ಬಿಡಿಸಿದರು, ಪಕ್ಕದವರ ಮೂಗಿಗೆ ತಾಗುವುದೂ ತಪ್ಪಲಿಲ್ಲ. ಮಲ್ಲೇಶಿ ನಿದ್ದೆಯೂ ಹಾಗೇ. ಹೊಸಬರು ಹತ್ತಿ ನಿಂಗಮ್ಮನ ದನಿಗೆ ಮುಖ ಸಿಂಡರಿಸಿದರೆ, ಯಾರಾದರೊಬ್ಬರು ಅವರ ಕಿವಿಯಲ್ಲಿ ವಿಷಯ ಹೇಳುತ್ತಿದ್ದರು. ನಾನು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ರಾಗಿ ಕೊಯ್ಲು ಮುಗಿದು ಚಳಿ ಹಿಡಿದಿದ್ದ ಒಂದು ಬೆಳಿಗ್ಗೆ ಜಾವಗಲ್‌ನಲ್ಲಿ ನಿಂಗಮ್ಮನ ಹಿಂದೆ ಇನ್ನೊಬ್ಬಳು ಹತ್ತಿದಳು. ಸಣಕಲು ಹುಡುಗಿ, ಹಸಿರು ಸ್ವೆಟರು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ಯಾರೂ ಹೇಳಬೇಕಾಗಿರಲಿಲ್ಲ. ಭಾಗ್ಯ ತವರಿಗೆ ಬಂದಿದ್ದಳು, ಅಮ್ಮನ ಜೊತೆ ಒಂದು ದಿನ ಬೇಲೂರಿಗೆ ಹೊರಟಿದ್ದಳು. ಮೆಟ್ಟಿಲ ಮೇಲೆ ನಿಂತು ಬಸ್ಸಿನ ಒಳಗನ್ನೆಲ್ಲ ಒಮ್ಮೆ ನೋಡಿದಳು. ನನ್ನ ತಲೆಯಲ್ಲಿನ ಹೂವನ್ನು ನೋಡಿದಳು, ಮಲ್ಲೇಶಿಯನ್ನು ನೋಡಿ ತುಟಿಯಂಚಿನಲ್ಲಿ ನಕ್ಕಳು. ಅವನು ಎಂದೂ ಇಲ್ಲದಂತೆ ನೆಟ್ಟಗೆ ಕೂತು ಕಣ್ಣು ಬಿಟ್ಟುಕೊಂಡಿದ್ದ. ಸಾರ್ ಇದ್ದ ಕಡೆ ಬರೀ ಪತ್ರಿಕೆ ಕಾಣುತ್ತಿತ್ತು, ಮುಖ ಕಾಣದಷ್ಟು ಮೇಲಕ್ಕೆ ಎತ್ತಿ ಹಿಡಿದಿದ್ದರು.

ತಾಯಿ ಮಗಳು ಸಾರ್ ಹಿಂದಿನ ಸೀಟಿನಲ್ಲಿ ಕೂತರು. ನಾನು ಟಿಕೆಟ್ ಕೊಟ್ಟೆ. ಬಸ್ಸು ಹೊರಟಿತು. ಮಗಳು ಪಕ್ಕದಲ್ಲೇ ಇದ್ದರೂ ನಿಂಗಮ್ಮನಿಗೆ ಅಭ್ಯಾಸ ಬಿಡಲಿಲ್ಲ. ಅದೇ ಹೊಲದ ದನಿಯಲ್ಲಿ ಶುರುಮಾಡಿದಳು, ಇವರು ಇಂಥವರು, ಅಗೋ ಆ ಸೀಟಿನ ಮೇಲೇ ಮಳೆ ಸೋರುವುದು, ಇವರೇ ನೋಡು ಮಳೆ ಬರುತ್ತದೆಂದು ಸುಳ್ಳು ಹೇಳಿದ್ದು ಎಂದು.

ಭಾಗ್ಯ ಅಮ್ಮನ ಕೈ ಹಿಡಿದುಕೊಂಡಳು. ನಾಚಿಕೆಯಿಂದ ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದಳು: ‘ಅವ್ವ, ಸಣ್ಣಕೆ ಮಾತಾಡು. ಬಸ್ಸಿಗೆಲ್ಲ ಕೇಳ್ತೈತೆ.’

ನಿಂಗಮ್ಮ ತಟ್ಟನೆ ಸುಮ್ಮನಾದಳು. ಮುಂದಿನ ಸೀಟಿನಲ್ಲಿ ಪತ್ರಿಕೆಯ ಹಾಳೆ ತಿರುವಿದ ಸದ್ದಾಯಿತು. ಅದರ ಹಿಂದಿನಿಂದಲೇ ಸಾರ್ ಹೇಳಿದರು: ‘ಇರಲಿ ಬಿಡಮ್ಮ. ಮಾತಾಡಲಿ.’